ಫಿಟ್ ಇದ್ದೀನಿ ಸರ್

2022ರ ಮೇ 14, ಶನಿವಾರ. ನಮ್ಮ ಯಜಮಾನರ ರಜೆ ಮುಗಿದಿತ್ತು. ರಾತ್ರಿ ಮೈಸೂರಿನಲ್ಲಿ ರೈಲು ಹತ್ತಬೇಕಿತ್ತು. ಮಧ್ಯಾಹ್ನ ಊಟ ಮುಗಿಸಿ, ಬ್ಯಾಗು ಬೆನ್ನಿಗೆ ಹಾಕಿಕೊಂಡು, ನನ್ನ ತಮ್ಮನ ಬೈಕಿನ ಹಿಂದೆ ಕೂತು ಹೊರಟರು. ಶನಿವಾರಸಂತೆ ಹತ್ತಿರದ ನಮ್ಮೂರಿಂದ ಕುಶಾಲನಗರದವರೆಗೆ ಬೈಕು, ಅಲ್ಲಿಂದ ಬಸ್ಸು ಅಂತ ಲೆಕ್ಕ. ಸೋಮವಾರಪೇಟೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಎದುರಿನಿಂದ ಬಂದ ಪಿಕಪ್ ಗಾಡಿ ಬಲಕ್ಕೆ ನುಗ್ಗಿತು. ತಮ್ಮನಿಗೆ ಕೈ ಮುರಿಯಿತು. ಇವರು ಹಾರಿ ರಸ್ತೆ ಪಕ್ಕದ ಕಲ್ಲಿಗೆ ಬಿದ್ದರು. ಹೆಲ್ಮೆಟ್ ಎರಡು ಹೋಳಾಗಿತ್ತು.

ಆಗ ಅವರಿಗೆ 36 ವರ್ಷ. ಸೈನ್ಯದಲ್ಲಿ ಹವಾಲ್ದಾರ್. 16 ವರ್ಷ ಸರ್ವಿಸ್ ಆಗಿತ್ತು.

ಮೈಸೂರಿನ ಆಸ್ಪತ್ರೆಗೆ ತಲುಪುವಾಗ ರಾತ್ರಿ ಎಂಟು. ಡಾಕ್ಟರು "ಜಿಸಿಎಸ್ ಏಳು ಇದೆ ಅಮ್ಮ" ಅಂದರು. ಎಚ್ಚರ ಎಷ್ಟಿದೆ ಅಂತ ಅಳೆಯುವ ಲೆಕ್ಕವಂತೆ. ಹುಷಾರಾಗಿರುವವರಿಗೆ 15, ಎಂಟಕ್ಕಿಂತ ಮೇಲೆ ಏರದಿದ್ದರೆ ಪೆಟ್ಟು ತೀವ್ರ ಅಂತ ಅರ್ಥ. ಮೆದುಳಿನ ಮುಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದೇ ರಾತ್ರಿ ತಲೆ ತೆರೆದರು. ತೆಗೆದ ಬುರುಡೆಯ ಚೂರನ್ನು ಹೊಟ್ಟೆಯ ಚರ್ಮದ ಕೆಳಗೆ ಇಟ್ಟು ಹೊಲಿದರು, ಊತ ಇಳಿದ ಮೇಲೆ ಮತ್ತೆ ಜೋಡಿಸಲು. ಅವರ ಮೂಳೆ ಅವರ ಹೊಟ್ಟೆಯಲ್ಲೇ ಭದ್ರವಾಗಿದೆ ಅನ್ನುವುದೊಂದೇ ಆ ದಿನಗಳಲ್ಲಿ ನನಗಿದ್ದ ಧೈರ್ಯ. 19 ದಿನ ಕಣ್ಣು ಬಿಡಲಿಲ್ಲ. ಆಮೇಲೆ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಮೂರೂವರೆ ತಿಂಗಳು.

ಐಸಿಯು ಹೊರಗೆ ಕೂತಿದ್ದ ನಾಲ್ಕನೇ ದಿನವೇ ಒಬ್ಬ ಬಂದ. ಬಿಳಿ ಅಂಗಿ, ಕೈಯಲ್ಲಿ ಡೈರಿ. "ಅಕ್ಕ, ಕೇಸು ನಾವು ನೋಡ್ಕೊಳ್ತೀವಿ, ನೀವು ಒಂದು ರೂಪಾಯಿ ಕೊಡೋದು ಬೇಡ, ದುಡ್ಡು ಬಂದ ಮೇಲೆ ಇಷ್ಟು ಪರ್ಸೆಂಟ್ ಕೊಟ್ಟರೆ ಸಾಕು" ಅಂದ. ಖಾಲಿ ವಕಾಲತ್ತಿಗೆ ಸಹಿ ಕೇಳಿದ. ನಮ್ಮ ಮಾವ ಅವನನ್ನು ಕಳಿಸಿಬಿಟ್ಟರು. ಬರುವ ಪರಿಹಾರದಲ್ಲಿ ಪಾಲು ಅಂತ ಫೀಸು ಮಾತಾಡಿಕೊಳ್ಳಲು ವಕೀಲರಿಗೆ ಬಾರ್ ಕೌನ್ಸಿಲ್ ನಿಯಮದಲ್ಲೇ ಅವಕಾಶ ಇಲ್ಲ ಅಂತ ಆಮೇಲೆ ತಿಳಿಯಿತು. ಆಸ್ಪತ್ರೆ ಬಾಗಿಲಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಇದನ್ನು ಕೈ ಮುಗಿದು ಹೇಳುತ್ತೇನೆ.

ಆದರೆ ನಾವೂ ಒಂದು ತಪ್ಪು ಮಾಡುವುದರಲ್ಲಿದ್ದೆವು. ಮೊದಲು ಮನುಷ್ಯ ಹುಷಾರಾಗಲಿ, ಕೇಸು ಎಲ್ಲಿಗೆ ಹೋಗುತ್ತೆ ಅಂತ ಸುಮ್ನೆ ಇದ್ದೆವು. ಅಕ್ಟೋಬರ್ ಕೊನೆಯಲ್ಲಿ ಪರಿಚಯದವರೊಬ್ಬರು ಹೇಳಿ ಒಬ್ಬ ವಕೀಲೆಯ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದೇ ಅಪಘಾತದ ತಾರೀಖು. ಕ್ಯಾಲೆಂಡರ್ ನೋಡಿ, "ಇನ್ನು ಎರಡೇ ವಾರ ಇದೆಯಲ್ಲಮ್ಮ" ಅಂದರು. ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿತ್ತು. ಅದರ ಪ್ರಕಾರ ಅಪಘಾತ ಆದ ಆರು ತಿಂಗಳೊಳಗೆ ಪರಿಹಾರ ಕೇಳುವ ಕ್ಲೇಮ್ ಅರ್ಜಿ ಹಾಕಬೇಕು. ಮೊದಲು ಹೀಗೆ ಗಡುವು ಇರಲಿಲ್ಲವಾದ್ದರಿಂದ ಊರಲ್ಲಿ ಎಲ್ಲರೂ "ಯಾವಾಗ ಬೇಕಾದರೂ ಹಾಕಬಹುದು" ಅಂತಲೇ ಹೇಳುತ್ತಿದ್ದರು. ನವೆಂಬರ್ 7ಕ್ಕೆ ಅರ್ಜಿ ಹಾಕಿದೆವು. ಒಂದು ವಾರ ಉಳಿದಿತ್ತು. ನಾವು ವಾಸ ಇರುವ ಜಾಗದ ನ್ಯಾಯಮಂಡಳಿಯಲ್ಲೇ ಹಾಕಬಹುದು ಅನ್ನುವುದು ನಮಗೆ ದೊಡ್ಡ ಅನುಕೂಲವಾಯಿತು.

ಆ ಎರಡು ವಾರ ಓಡಿದ್ದು ಕಾಗದಕ್ಕೆ. ಎಫ್‌ಐಆರ್, ಮಹಜರು, ಸ್ಥಳದ ನಕ್ಷೆ, ವೂಂಡ್ ಸರ್ಟಿಫಿಕೇಟ್, ಪಿಕಪ್‌ನ ಆರ್‌ಸಿ, ಇನ್ಶೂರೆನ್ಸ್, ಡ್ರೈವರಿನ ಲೈಸೆನ್ಸ್. ಅಪಘಾತದ ಮೊದಲ ವರದಿಯನ್ನು ಪೊಲೀಸರೇ 48 ಗಂಟೆಯೊಳಗೆ ನ್ಯಾಯಮಂಡಳಿಗೆ ಕಳಿಸಬೇಕು ಅಂತ ಹೊಸ ನಿಯಮ ಇದೆ. ನಮ್ಮ ವಿಷಯದಲ್ಲಿ ಅದು ಆಗಿರಲಿಲ್ಲ. ನನ್ನ ತಮ್ಮ ಕೈಯ ಪ್ಲಾಸ್ಟರ್ ಬಿಚ್ಚಿದ ಮೇಲೆ ದಿನಾ ಠಾಣೆಗೆ ಹೋಗಿ ಬೆಂಚಿನ ಮೇಲೆ ಕೂತಿರುತ್ತಿದ್ದ.

ಅರ್ಜಿ ಬರೆಯುವಾಗ ವಕೀಲೆ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ಅರ್ಜಿ ಅವರ ಹೆಸರಲ್ಲೇ ಇರುತ್ತೆ. ಆದರೆ ಅವರಿಗೆ ತಮ್ಮ ವ್ಯವಹಾರ ತಾವು ನೋಡಿಕೊಳ್ಳುವ ಶಕ್ತಿ ಇಲ್ಲ ಅಂತ ನೀವು ಪ್ರಮಾಣ ಮಾಡಿ ಬರೆದುಕೊಡಬೇಕು. ಅವರ ಪರವಾಗಿ ನೀವು ನಿಲ್ತೀರಿ." ಅದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಒಂದು ಆದೇಶ ಇದೆ, 32ನೆಯದು. ಹಾಗೆ ನಿಲ್ಲುವವರನ್ನು ನೆಕ್ಸ್ಟ್ ಫ್ರೆಂಡ್ ಅನ್ನುತ್ತಾರೆ. ಅಫಿಡವಿಟ್‌ನಲ್ಲಿ 'ಅಸ್ವಸ್ಥ ಚಿತ್ತ' ಅಂತ ಟೈಪ್ ಆಗಿತ್ತು. ಯಜಮಾನರು ಹೊರಗೆ ಬೆಂಚಿನಲ್ಲಿ ಕೂತು ಬೂಟಿನ ಲೇಸು ಬಿಚ್ಚಿ ಕಟ್ಟಿ ಮಾಡುತ್ತಿದ್ದರು. ಕಿಟಕಿಯಿಂದ ಕಾಣುತ್ತಿತ್ತು. 12 ವರ್ಷ ಮದುವೆಯಾದ ಗಂಡನ ಬಗ್ಗೆ ಆ ಎರಡು ಪದದ ಕೆಳಗೆ ಸಹಿ ಹಾಕಲು ನನಗೆ ಅರ್ಧ ಗಂಟೆ ಬೇಕಾಯಿತು. ಮನೆಗೆ ಹೋಗಿ ಅತ್ತೆಗೆ ಹೇಳಲಿಲ್ಲ.

ಆ ದಿನ ವಕೀಲೆ ಇನ್ನೊಂದು ಮಾತು ಹೇಳಿದರು. "ಕಾಲು ಹೋದರೆ ಜಡ್ಜಿಗೆ ಕಾಣುತ್ತೆ. ಇದು ಕಾಣಲ್ಲ. ನೋಟ್‌ಬುಕ್ ತಗೊಂಡು ದಿನಾ ಬರೆದಿಡಿ. ಆದದ್ದು ಮಾತ್ರ ಬರೀರಿ, ನಿಮ್ಮ ಸಂಕಟ ಬರೀಬೇಡಿ." ಈ ಕೇಸಿನಲ್ಲಿ ನನಗೆ ಯಾರಾದರೂ ಕೊಟ್ಟ ಬುದ್ಧಿಮಾತಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಈಗ ನಮ್ಮ ಮನೆಯಲ್ಲಿ 200 ಪುಟದ ಮೂರು ನೋಟ್‌ಬುಕ್ ಇವೆ. ಕೆಲವು ಸಾಲು ಹೀಗಿವೆ:

"ಜನವರಿ 9. ಹಾಲು ಒಲೆಗಿಟ್ಟು ತೋಟಕ್ಕೆ ಹೋದರು. ಪಾತ್ರೆ ಕರಿ ಆಗಿ ತಳ ಹೋಯಿತು. ಕೇಳಿದರೆ ಹಾಲು ಇಟ್ಟಿದ್ದೇ ಇಲ್ಲ ಅಂದರು."

"ಜನವರಿ 17. ಕುಕ್ಕರ್ ಮೂರನೇ ವಿಶಲ್‌ಗೆ ತಟ್ಟೆ ಎಸೆದರು. ಮಗಳು ಮಂಚದ ಕೆಳಗೆ ಹೋದಳು. ಹತ್ತು ನಿಮಿಷ ಆದ ಮೇಲೆ ಅವಳಿಗೇ ಬಾಳೆಹಣ್ಣು ಸುಲಿದು ಕೊಟ್ಟರು."

"ಫೆಬ್ರವರಿ 2. ಬೂಟು ಪಾಲಿಶ್ ಬೆಳಿಗ್ಗೆ ಆರಕ್ಕೆ, ಏಳಕ್ಕೆ, ಎಂಟೂ ಕಾಲಿಗೆ."

"ಫೆಬ್ರವರಿ 20. ಕಾಫಿ ಕುಯ್ಯಲು ಬಂದವರಿಗೆ ಕೂಲಿ ಎರಡು ಸಲ ಕೊಟ್ಟರು. ಒಬ್ಬರು ವಾಪಸ್ ತಂದುಕೊಟ್ಟರು."

ಮನೆಗೆ ಬಂದವರು ಎಲ್ಲರೂ "ದೇವರು ದೊಡ್ಡವನು, ಮೊದಲಿನ ಹಾಗೇ ಇದ್ದಾರೆ" ಅಂತ ಹೇಳಿ ಹೋಗುತ್ತಿದ್ದರು. ನಡೆಯುತ್ತಾರೆ, ಉಣ್ಣುತ್ತಾರೆ, ನಕ್ಕು ಮಾತಾಡಿಸುತ್ತಾರೆ. ಅರ್ಧ ಗಂಟೆ ಕೂತು ಹೋಗುವವರಿಗೆ ಅಷ್ಟೇ ಕಾಣುವುದು.

ಕಾಣದೇ ಇರುವುದನ್ನು ಅಳೆಯಬೇಕಲ್ವಾ? ಅದಕ್ಕೆ ನಿಮ್ಹಾನ್ಸ್‌ನಲ್ಲಿ ನ್ಯೂರೋಸೈಕಾಲಜಿ ಪರೀಕ್ಷೆ ಮಾಡಿಸಿದೆವು. ಸ್ಕ್ಯಾನ್ ಬೇರೆ, ಇದು ಬೇರೆ. 15 ಪದ ಓದಿ ಹೇಳುತ್ತಾರೆ, ನೆನಪಿರುವಷ್ಟು ತಿರುಗಿ ಹೇಳಬೇಕು. ಅದೇ ಪಟ್ಟಿ ಐದು ಸಲ. ಐದನೇ ಸಲವೂ ಇವರು ನಾಲ್ಕೇ ಹೇಳಿದ್ದು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ, ಪಟ್ಟಿ ಓದಿದ್ದೇ ನೆನಪಿರಲಿಲ್ಲ. ಪರೀಕ್ಷೆ ಮಾಡಿದ ಹುಡುಗಿ ತುಂಬ ತಾಳ್ಮೆಯಿಂದ "ಪರವಾಗಿಲ್ಲ ಸರ್, ಮುಂದಿನದು ಮಾಡೋಣ" ಅನ್ನುತ್ತಿದ್ದಳು. ಆ ವರದಿ ಕೈಗೆ ಬಂದ ಮೇಲೆ ನಮ್ಮ ಕೇಸಿಗೆ ಕಾಲು ಬಂತು. ಮೆದುಳಿನ ಪೆಟ್ಟಿನ ಕೇಸು ನಡೆಸುವವರು ಬರೀ ಡಿಸ್ಚಾರ್ಜ್ ಸಮ್ಮರಿ ಹಿಡಿದುಕೊಂಡು ಹೋಗಬೇಡಿ. ಅದರಲ್ಲಿ ಕೊನೆಗೆ 'ರೋಗಿ ಸ್ಥಿರವಾಗಿದ್ದಾರೆ' ಅಂತ ಇರುತ್ತದೆ. ಇನ್ಶೂರೆನ್ಸ್ ಕಡೆಯವರಿಗೆ ಆ ಒಂದು ಸಾಲು ಸಾಕು.

ದುಡಿಯುವ ಶಕ್ತಿ ಎಷ್ಟು ಪರ್ಸೆಂಟ್ ಹೋಗಿದೆ ಅನ್ನುವುದು ಯಾಕೆ ಅಷ್ಟು ಮುಖ್ಯ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ವಕೀಲೆ ಒಂದು ಹಾಳೆಯ ಹಿಂಭಾಗದಲ್ಲಿ ಬರೆದು ತೋರಿಸಿದರು. ತಿಂಗಳಿಗೆ 40,000 ಸಂಬಳ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 4,80,000. ಖಾಯಂ ಕೆಲಸ, 40ರೊಳಗಿನ ವಯಸ್ಸು, ಹಾಗಾಗಿ ಮುಂದೆ ಹೆಚ್ಚುವ ಸಂಬಳಕ್ಕೆ ಅರ್ಧ ಸೇರಿಸಿ. ಅದು ಸುಪ್ರೀಂ ಕೋರ್ಟು 2017ರಲ್ಲಿ ಸಾವಿನ ಕೇಸಿನಲ್ಲಿ ಹೇಳಿದ್ದು, ಬದುಕಿ ಉಳಿದ ಗಾಯಾಳುವಿಗೂ ಇದೆ ಅಂತ 2020ರಲ್ಲಿ ಸ್ಪಷ್ಟ ಮಾಡಿತು. ಅಲ್ಲಿಗೆ 7,20,000. ವಯಸ್ಸು 36 ಆದ್ದರಿಂದ 2009ರ ತೀರ್ಪಿನ ಕೋಷ್ಟಕದ ಪ್ರಕಾರ 15ರಿಂದ ಗುಣಿಸಿ. 1 ಕೋಟಿ 8 ಲಕ್ಷ. ಇದರಲ್ಲಿ ಎಷ್ಟು ಪರ್ಸೆಂಟ್ ದುಡಿಯುವ ಶಕ್ತಿ ಹೋಗಿದೆಯೋ ಅಷ್ಟು ಪಾಲು ಪರಿಹಾರ. 35 ಪರ್ಸೆಂಟ್ ಅಂದರೆ 37,80,000. 70 ಅಂದರೆ 75,60,000. ಒಂದು ಸಂಖ್ಯೆ ಬದಲಾದರೆ ಮಗಳ ಓದು, ಇವರ ಔಷಧಿ, ನಾವಿಲ್ಲದ ಕಾಲದಲ್ಲಿ ಇವರನ್ನು ನೋಡಿಕೊಳ್ಳುವುದು, ಎಲ್ಲವೂ ಬದಲಾಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಡಾಕ್ಟರು ಕೊಡುವ ದೇಹದ ಅಂಗವೈಕಲ್ಯದ ಪರ್ಸೆಂಟ್ ಒಂದು. ಆ ಮನುಷ್ಯ ಮಾಡುತ್ತಿದ್ದ ಕೆಲಸಕ್ಕೆ ಅದರಿಂದ ಎಷ್ಟು ಪೆಟ್ಟು ಬಿತ್ತು ಅನ್ನುವುದು ಇನ್ನೊಂದು. ಎರಡೂ ಒಂದೇ ಅಲ್ಲ, ನ್ಯಾಯಮಂಡಳಿ ಎರಡನೆಯದನ್ನು ತಾನೇ ತೂಗಿ ನೋಡಬೇಕು ಅಂತ 2011ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಕೋವಿ ಹಿಡಿದು ಕಾವಲು ನಿಲ್ಲುವವನಿಗೆ, ಹತ್ತು ಜನರನ್ನು ನಡೆಸುವ ಹವಾಲ್ದಾರನಿಗೆ, ನೆನಪು ಮತ್ತು ಸಿಟ್ಟಿನ ಹಿಡಿತ ಹೋದರೆ ಉಳಿಯುವುದೇನು? ಸೈನ್ಯವೇ 2023ರ ಜೂನ್‌ನಲ್ಲಿ ಮೆಡಿಕಲ್ ಬೋರ್ಡ್ ಮಾಡಿ ಮನೆಗೆ ಕಳಿಸಿತ್ತು.

ನನ್ನ ಪಾಟೀಸವಾಲು ಒಂದೂವರೆ ಗಂಟೆ ನಡೆಯಿತು. ಇನ್ಶೂರೆನ್ಸ್ ಕಂಪನಿಯ ವಕೀಲರು ಒರಟಾಗಿ ಮಾತಾಡಲಿಲ್ಲ. ಆದರೆ ಪ್ರಶ್ನೆಗಳು ಮೈ ಸುಡುವಂತಿದ್ದವು. "ನಿಮ್ಮ ಪತಿ ತಾವೇ ಸ್ನಾನ ಮಾಡ್ತಾರೆ?" ಮಾಡ್ತಾರೆ. "ತೋಟದಲ್ಲಿ ಓಡಾಡ್ತಾರೆ?" ಓಡಾಡ್ತಾರೆ. "ಪೆನ್ಷನ್ ಬರ್ತಾ ಇದೆ, ಹಾಗಾಗಿ ನಿಮಗೆ ಆದಾಯ ನಷ್ಟ ಆಗಿಲ್ಲ ಅಂದರೆ ಸರಿ ತಾನೇ?" ಸರಿಯಲ್ಲ ಅಂದೆ. ಪೆನ್ಷನ್ ಅವರು 16 ವರ್ಷ ದುಡಿದದ್ದಕ್ಕೆ, ಪಿಕಪ್ ಗುದ್ದಿದ್ದಕ್ಕಲ್ಲ. ಪೆನ್ಷನ್, ಪಿಎಫ್, ವಿಮೆ ಹಣವನ್ನು ಪರಿಹಾರದಲ್ಲಿ ಕಳೆಯಬಾರದು ಅಂತ ಸುಪ್ರೀಂ ಕೋರ್ಟು 1998ರಲ್ಲೇ ಹೇಳಿದೆ ಅಂತ ನಮ್ಮ ವಕೀಲೆ ಎದ್ದು ತೀರ್ಪಿನ ಪ್ರತಿ ಕೊಟ್ಟರು.

ಆಮೇಲೆ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ನಿದ್ದೆಯಲ್ಲಿ ಕೇಳಿಸುತ್ತದೆ. "ಅವರನ್ನು ನೋಡ್ಕೊಳ್ಳೋಕೆ ಯಾರನ್ನೂ ಸಂಬಳಕ್ಕೆ ಇಟ್ಟಿಲ್ಲ. ನೀವೇ ನೋಡ್ಕೊಳ್ತೀರಿ. ಅಂದ ಮೇಲೆ ಖರ್ಚೇನೂ ಇಲ್ಲ ಅಲ್ವಾ?"

ನಾನು ಅಂಗನವಾಡಿ ಸಹಾಯಕಿ ಕೆಲಸ ಬಿಟ್ಟಿದ್ದೆ. ರಾತ್ರಿ ಬಾಗಿಲಿಗೆ ಅಡ್ಡ ಹಾಸಿಗೆ ಹಾಕಿ ಮಲಗುತ್ತೇನೆ, ಎದ್ದು ಡ್ಯೂಟಿಗೆ ಅಂತ ಹೊರಟುಬಿಡುತ್ತಾರೆ ಎಂದು. ಅದನ್ನೇ ಹೇಳಿದೆ. ಹರಿಯಾಣದ 12 ವರ್ಷದ ಹುಡುಗಿಯೊಬ್ಬಳ ಕೇಸನ್ನು ನಮ್ಮ ವಕೀಲೆ ವಾದದಲ್ಲಿ ಎತ್ತಿದರು. ಮೆದುಳಿಗೆ ಪೆಟ್ಟಾಗಿ ಪೂರ್ತಿ ಹಾಸಿಗೆ ಹಿಡಿದ ಮಗು. 2020ರಲ್ಲಿ ಸುಪ್ರೀಂ ಕೋರ್ಟು ಆ ಮಗುವನ್ನು ನೋಡಿಕೊಳ್ಳುವವರ ಖರ್ಚನ್ನೂ ಸಂಬಳದ ನಷ್ಟದ ಹಾಗೆಯೇ ವರ್ಷದ ಲೆಕ್ಕದಲ್ಲಿ ಗುಣಿಸಿ ಕೊಟ್ಟಿತು. ಕೆಳಗಿನ ನ್ಯಾಯಮಂಡಳಿಯಲ್ಲಿ 11 ಲಕ್ಷ ಚಿಲ್ಲರೆ ಇದ್ದ ಪರಿಹಾರ ಕೊನೆಗೆ 62 ಲಕ್ಷ ದಾಟಿತು. ಆ ತೀರ್ಪನ್ನು ನಾನು ತಮ್ಮನ ಕೈಲಿ ಓದಿಸಿ ಕೇಳಿದೆ. ಆ ತಾಯಿಯೂ ನನ್ನ ಹಾಗೆ ರಾತ್ರಿ ಎದ್ದೇ ಇರುತ್ತಾಳೇನೋ ಅನ್ನಿಸಿತು.

ನಮ್ಮ ಕೇಸು ಮುಳುಗಿಯೇ ಹೋಯಿತು ಅನ್ನಿಸಿದ್ದು ಯಜಮಾನರನ್ನು ಕೋರ್ಟಿಗೆ ಕರೆದ ದಿನ. ಜಡ್ಜು ಅವರನ್ನು ಒಮ್ಮೆ ನೋಡಬೇಕು ಅಂದಿದ್ದರು. ಬೆಳಿಗ್ಗೆ ನಾಲ್ಕಕ್ಕೇ ಎದ್ದು ಶೇವ್ ಮಾಡಿಕೊಂಡರು. ಬೂಟು ಹೊಳೆಯುತ್ತಿತ್ತು. ಹೆಸರು ಕೂಗಿದ ಕೂಡಲೇ ಒಳಗೆ ಹೋಗಿ, ಹಿಮ್ಮಡಿ ಜೋಡಿಸಿ, ಎದೆ ಸೆಟೆದು, ಸಾವಧಾನ್‌ನಲ್ಲಿ ನಿಂತರು. ಆ ಕೋಣೆಯಲ್ಲಿ ಅವರಷ್ಟು ನೆಟ್ಟಗೆ ಯಾರೂ ನಿಂತಿರಲಿಲ್ಲ.

"ಹೇಗಿದ್ದೀರಿ?" ಅಂತ ಜಡ್ಜು ಕೇಳಿದರು.

"ಫಿಟ್ ಇದ್ದೀನಿ ಸರ್!"

ಇನ್ಶೂರೆನ್ಸ್ ವಕೀಲರು ಬರೆದುಕೊಂಡರು. ನನಗೆ ಕಾಲಿನಲ್ಲಿ ಶಕ್ತಿ ಉಳಿಯಲಿಲ್ಲ. ಈ ತರದ ಪೆಟ್ಟಿನಲ್ಲಿ ತನಗೆ ಏನೋ ಆಗಿದೆ ಅನ್ನುವ ಅರಿವೇ ಹೋಗುವುದುಂಟು ಅಂತ ಡಾಕ್ಟರು ನನಗೆ ಹೇಳಿದ್ದರು. ಅದರ ಜೊತೆಗೆ 16 ವರ್ಷದ ಅಭ್ಯಾಸ. ಸೈನ್ಯದಲ್ಲಿ ಆಫೀಸರ್ ಕೇಳಿದರೆ ಬೇರೆ ಉತ್ತರ ಇದೆಯಾ?

ಜಡ್ಜು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆತ್ತಗೆ ಕೇಳಿದರು. "ಬೆಳಿಗ್ಗೆ ತಿಂಡಿ ಏನಾಯ್ತು?"

"ಪೂರಿ, ಸಬ್ಜಿ ಸರ್. ಲಂಗರ್‌ನಲ್ಲಿ."

"ಇಲ್ಲಿಗೆ ಹೇಗೆ ಬಂದಿರಿ?"

"ಒನ್ ಟನ್ ಗಾಡಿಯಲ್ಲಿ ಸರ್. ನನ್ನ ಸೆಕ್ಷನ್ ಹೊರಗಿದೆ."

ಲಂಗರ್ ಅಂದರೆ ಸೈನ್ಯದ ಅಡುಗೆಮನೆ, ಒನ್ ಟನ್ ಅಂದರೆ ಸೈನ್ಯದ ಗಾಡಿ, ಸೆಕ್ಷನ್ ಅಂದರೆ ಅವರ ಕೈಕೆಳಗಿನ ಜನ. ಬೆಳಿಗ್ಗೆ ನಾವು ತಿಂದದ್ದು ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯ. ಬಂದದ್ದು ಸರ್ಕಾರಿ ಬಸ್ಸಿನಲ್ಲಿ, ನನ್ನ ಪಕ್ಕದ ಸೀಟಿನಲ್ಲಿ ಕೂತು. ಹೊರಗೆ ಇದ್ದದ್ದು ನನ್ನ ತಮ್ಮ ಒಬ್ಬನೇ. ಜಡ್ಜು ಟೈಪಿಸ್ಟ್ ಕಡೆ ತಿರುಗಿ ಪ್ರಶ್ನೆ, ಉತ್ತರ ಎರಡನ್ನೂ ಹಾಗೇ ಬರೆಸಿದರು. "ಕೂತ್ಕೊಳ್ಳಿ ಹವಾಲ್ದಾರ್ ಸಾಹೇಬ್ರೆ" ಅಂದರು. ಇವರು ಕೂರಲಿಲ್ಲ.

ನಡುವೆ ಒಂದು ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರು. ಇನ್ಶೂರೆನ್ಸ್‌ನವರು ಹೇಳಿದ ಮೊತ್ತ ಕೇಳಿ ಮಾವ "ತಗೊಂಡುಬಿಡೋಣ ಕಣಮ್ಮ, ಅಲೆದದ್ದು ಸಾಕು" ಅಂದರು. ಅವರಿಗೆ 70 ದಾಟಿದೆ, ತಪ್ಪು ಹೇಳಲಾರೆ. ಲೋಕ ಅದಾಲತ್ ಕೆಟ್ಟದ್ದಲ್ಲ. ಸಣ್ಣ ಗಾಯ, ವಾಸಿಯಾಗುವ ಗಾಯ ಆದರೆ ಅಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಜೀವನಪೂರ್ತಿ ಇರುವ ಗಾಯಕ್ಕೆ ಡಾಕ್ಟರ ಸಾಕ್ಷಿ ಆಗುವ ಮೊದಲೇ ಒಪ್ಪಬಾರದು ಅಂತ ನನ್ನ ಅಭಿಪ್ರಾಯ. ಡಾಕ್ಟರು ಬೆಂಗಳೂರಿನಿಂದ ಬರಲಾಗದೆ, ಅವರ ಸಾಕ್ಷಿ ವಿಡಿಯೋ ಕಾನ್ಫರೆನ್ಸ್‌ನಲ್ಲಿ ಆಯಿತು. ಅದಕ್ಕೇ ಏಳು ವಾಯಿದೆ ಹೋಯಿತು.

2025ರ ಫೆಬ್ರವರಿಯಲ್ಲಿ ತೀರ್ಪು ಬಂತು. ನಾವು ಕೇಳಿದ 100 ಪರ್ಸೆಂಟ್ ಒಪ್ಪಲಿಲ್ಲ. 75 ಅಂತ ಹಿಡಿದರು. ಪೆನ್ಷನ್ ಕಳೆಯಲಿಲ್ಲ. ನೋಡಿಕೊಳ್ಳುವವರ ಖರ್ಚು ಅಂತ ಬೇರೆಯಾಗಿ ಕೊಟ್ಟರು, ನಾನು ಹೆಂಡತಿ ಅನ್ನುವ ಕಾರಣಕ್ಕೆ ಅದು ಪುಕ್ಕಟೆ ಆಗುವುದಿಲ್ಲ ಅಂತಲೇ ಬರೆದರು. ಆ ಸಾಲನ್ನು ನಾನು ನೋಟ್‌ಬುಕ್ಕಿನಲ್ಲಿ ನಕಲು ಮಾಡಿಟ್ಟುಕೊಂಡಿದ್ದೇನೆ. ದೊಡ್ಡ ಪಾಲನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಡಬೇಕು, ಬಡ್ಡಿ ಮಾತ್ರ ತೆಗೆಯಬಹುದು ಅಂತ ಆದೇಶ. ಮೊದಲು ಬೇಜಾರಾಯಿತು, ಈಗ ಅದೇ ಸರಿ ಅನ್ನಿಸುತ್ತದೆ. ಇನ್ಶೂರೆನ್ಸ್‌ನವರು ಹೈಕೋರ್ಟಿಗೆ ಹೋಗಿದ್ದಾರೆ. ನಾವೂ ಹೆಚ್ಚಿಗೆ ಕೇಳಿ ಹೋಗಿದ್ದೇವೆ.

ಸೈನ್ಯದ ಕಡೆಯದು ಬೇರೆಯೇ ದಾರಿ. ಬಹಳ ಜನ ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳುತ್ತಾರೆ. ಪಿಕಪ್‌ನ ಇನ್ಶೂರೆನ್ಸ್ ಕೊಡುವುದು ಒಂದು, ಸರ್ಕಾರ ಕೊಡುವ ಅಂಗವೈಕಲ್ಯ ಪೆನ್ಷನ್ ಇನ್ನೊಂದು. ಒಂದು ಸಿಕ್ಕಿತು ಅಂತ ಇನ್ನೊಂದು ಹೋಗುವುದಿಲ್ಲ. ಪೆನ್ಷನ್‌ಗೆ ಎರಡು ಷರತ್ತು. ಅಂಗವೈಕಲ್ಯ ಕನಿಷ್ಠ 20 ಪರ್ಸೆಂಟ್ ಇರಬೇಕು, ಅದು ಸೇನಾ ಕೆಲಸದಿಂದ ಬಂದದ್ದು ಅಥವಾ ಅದರಿಂದ ಹೆಚ್ಚಾದದ್ದು ಆಗಿರಬೇಕು. ಬೋರ್ಡ್‌ನವರು ಇವರಿಗೆ 60 ಪರ್ಸೆಂಟ್ ಹಾಕಿದರು. ಆದರೆ ಪಕ್ಕದಲ್ಲಿ 'ಸೇವೆಗೆ ಸಂಬಂಧ ಇಲ್ಲ, ರಜೆಯಲ್ಲಿದ್ದಾಗ ಆದದ್ದು' ಅಂತ ಬರೆದರು. ಸರ್ವಿಸ್ ಪೆನ್ಷನ್ ಬಂತು, ಅಂಗವೈಕಲ್ಯದ ಪಾಲು ಬರಲಿಲ್ಲ.

ರಜೆಯಲ್ಲಿ ಸ್ವಂತ ಕೆಲಸಕ್ಕೆ ಓಡಾಡುವಾಗ ಆದ ಅಪಘಾತಕ್ಕೆ ಇದು ಸಿಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪುಗಳೇ ಇವೆ. ಅದನ್ನು ನಾನು ಒಪ್ಪುತ್ತೇನೆ. ಆದರೆ ಸರ್ಕಾರಿ ಖರ್ಚಿನ ಪ್ರಯಾಣಕ್ಕೆ ಹಕ್ಕಿದ್ದು, ರಜೆ ಮುಗಿಸಿ ಡ್ಯೂಟಿ ಜಾಗಕ್ಕೆ ವಾಪಸ್ ಹೊರಟಾಗ ಅದು ಡ್ಯೂಟಿಯೇ. ಈ ಪೆನ್ಷನ್ ಯಾರಿಗೆ ಸಿಗುತ್ತೆ ಅಂತ ಹೇಳುವ ಎನ್‌ಟೈಟಲ್‌ಮೆಂಟ್ ನಿಯಮಗಳಲ್ಲಿ ಹಾಗೇ ಇದೆ. ಇವರು ಪೇಟೆಗೆ ತರಕಾರಿ ತರಲು ಹೋಗಿರಲಿಲ್ಲ. ಬ್ಯಾಗು ಹಾಕಿಕೊಂಡು ರೈಲಿಗೆ ಹೊರಟಿದ್ದರು. ಸೈನ್ಯದ ಕಡೆಯಿಂದ ಗಾಯದ ವರದಿ ಬರೆದವರು ಅದನ್ನು ಕೇಳಲಿಲ್ಲ. ಆ ಹೊತ್ತಿನಲ್ಲಿ ನಾನು ಹೇಳುವ ಸ್ಥಿತಿಯಲ್ಲಿ ಇರಲಿಲ್ಲ.

ಅದಕ್ಕೆ ಸಾಕ್ಷಿ ಹುಡುಕಲು ಒಂದು ವರ್ಷ ಹೋಯಿತು. ಅವರ ಫೋನು ಅಪಘಾತದಲ್ಲೇ ಒಡೆದಿತ್ತು. ಕೊನೆಗೆ ತಮ್ಮ ಅವರ ಇಮೇಲ್ ತೆರೆಸಿದ. ಅಲ್ಲಿ ಇತ್ತು, ಸೈನಿಕರಿಗೆ ಸರ್ಕಾರಿ ಖರ್ಚಿನಲ್ಲಿ ಟಿಕೆಟ್ ಮಾಡುವ ಡಿಫೆನ್ಸ್ ಟ್ರಾವೆಲ್ ಸಿಸ್ಟಮ್‌ನಲ್ಲಿ ಬುಕ್ ಆದ ಇ-ಟಿಕೆಟ್. ತಾರೀಖು ಮೇ 14. ಹತ್ತುವ ಜಾಗ ಮೈಸೂರು. ರಜೆ ಚೀಟಿಯಲ್ಲಿ ಕೊನೆಯ ದಿನ ಹೊಂದುತ್ತಿತ್ತು. ಮೊದಲ ಮೇಲ್ಮನವಿ ತಿರಸ್ಕಾರ ಆಯಿತು. ಎರಡನೆಯದೂ ಆಯಿತು. ಈಗ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಅರ್ಜಿ ಇದೆ. ಗೆದ್ದರೆ ಆ 60 ಅನ್ನು 75ಕ್ಕೆ ಏರಿಸಿ ಲೆಕ್ಕ ಹಾಕುತ್ತಾರೆ.

ಮೊನ್ನೆ ಬೈಲಹೊಂಗಲ ಕಡೆಯ ಒಬ್ಬ ತಂಗಿ ಫೋನ್ ಮಾಡಿದ್ದಳು. ಅವಳ ಗಂಡ ಗುಡ್ಡಗಾಡಿನ ಪೋಸ್ಟಿಂಗ್‌ನಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿದೆ. "ಅಕ್ಕಾ, ನಮಗ ಗಾಡಿ ಕೇಸ ಇಲ್ಲ, ಏನ್ ಮಾಡ್ಬೇಕ್ರಿ?" ಅಂದಳು. ಡ್ಯೂಟಿಯಲ್ಲೇ ಆದದ್ದರಿಂದ ನಿನ್ನ ದಾರಿ ನನ್ನದಕ್ಕಿಂತ ನೇರ ಇದೆ, ಗಾಯದ ವರದಿಯ ಪ್ರತಿ ಮೊದಲು ಕೈಗೆ ತಗೋ, ಅದರಲ್ಲಿ 'ಡ್ಯೂಟಿಯಲ್ಲಿದ್ದಾಗ' ಅಂತ ಇದೆಯಾ ನೋಡು, ಆರ್ಮಿ ಗ್ರೂಪ್ ಇನ್ಶೂರೆನ್ಸ್ ಕೇಳು, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗು ಅಂದೆ. ಇವತ್ತೇ ಒಂದು ನೋಟ್‌ಬುಕ್ ತಗೋ ಅಂತಲೂ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿನ್ನೆ ನನ್ನ ಹೆಸರ ಮರ್ತಿದ್ರಕ್ಕಾ, ಅದೂ ಬರೀಲಿ?" ಅಂದಳು. ಬರಿ ಅಂದೆ.

ನಿನ್ನೆ ಸಂಜೆ ಮುಂದಿನ ವಾಯಿದೆಗೆ ಫೈಲು ಜೋಡಿಸುತ್ತಾ ಕೂತಿದ್ದೆ. ಯಜಮಾನರು ಪಕ್ಕಕ್ಕೆ ಬಂದು ಕೂತು, ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಟಿಕೆಟ್ ಪ್ರಿಂಟ್ ಕೈಗೆ ಸಿಕ್ಕಿತು. ಬೆರಳಿಟ್ಟು ಓದಿದರು. ತಮ್ಮ ಹೆಸರು, ಮೈಸೂರು, ಬರ್ತ್ ನಂಬರ್. ತಟ್ಟನೆ ಎದ್ದು ಒಳಗೆ ಹೋದರು. ಅಟ್ಟದಿಂದ ಬ್ಯಾಗು ಇಳಿಸಿದ ಸದ್ದು ಕೇಳಿಸಿತು.

"ಲೇ, ಬಟ್ಟೆ ಇಸ್ತ್ರಿ ಆಗಿದೆಯಾ? ರೈಲಿಗೆ ಟೈಮ್ ಆಯ್ತು."

"ಇನ್ನೂ ಹೊತ್ತಿದೆ ರೀ," ಅಂದೆ. "ಊಟ ಮಾಡಿ ಹೊರಡುವಿರಂತೆ, ಬನ್ನಿ."